ಎರಡು ಡಬ್ಬಿ, ಒಂದು ಬಟ್ಟಲು

ಲೊಹೆಂಬೊ, ಸಂಕುರು
8 ಫೆಬ್ರವರಿ 2024, ಗುರುವಾರ

ಅಕ್ಕ,

ವಾರ್ಡಿನಲ್ಲಿ ಹದಿನಾಲ್ಕು ಮಂಚ, ಇಪ್ಪತ್ಮೂರು ರೋಗಿಗಳು. ಅವರಲ್ಲಿ ಹದಿನೇಳು ಮಕ್ಕಳು. ಹಗಲಿನ ಪಾಳಿಯಲ್ಲಿ ಎಂಪಾಕ್ಸ್ ವಾರ್ಡಿಗೆ ನಾನೊಬ್ಬಳೇ ನರ್ಸ್. ಡಾಕ್ಟರ್ ಲೊಹಾಕಾ ಬೆಳಗ್ಗೆ ಎಂಟಕ್ಕೆ ಬಂದು ಬಾಗಿಲಲ್ಲೇ ನಿಂತು ನಮ್ಮ ಹಾಳೆಗಳನ್ನೆಲ್ಲ ಓದುತ್ತಾರೆ. ಯಾರ ಹಾಳೆಯಲ್ಲಿ ಕೆಟ್ಟದ್ದು ಬರೆದಿದೆಯೋ ಅವರ ಮಂಚಕ್ಕೆ ಮೊದಲು ಹೋಗುತ್ತಾರೆ. ಚೆನ್ನಾಗಿದೆ ಎಂದು ಬರೆದಿದ್ದರೆ ಆ ಮಂಚಕ್ಕೆ ಸರದಿ ಬರುವುದು ಮಧ್ಯಾಹ್ನದ ಮೇಲೆ. ಕೆಲವು ದಿನ ಬರುವುದೇ ಇಲ್ಲ. ಅವರಿಗೆ ಇನ್ನೂ ಮೂರು ವಾರ್ಡುಗಳಿವೆ.

ಕಳೆದ ಶುಕ್ರವಾರ ಅವಳಿ ಮಕ್ಕಳು ಬಂದವು. ಶಾಕೋ ಮತ್ತು ಓಂಬಾ, ಗಂಡೊಂದು, ಹೆಣ್ಣೊಂದು, ನಾಲ್ಕು ವರ್ಷ. ತಾಯಿಯ ಹೆಸರು ಅಸೆಕಾ. ಎರಡು ದಿನ ನಡೆದು ಬಂದಳಂತೆ, ಒಂದು ಬೆನ್ನಿಗೆ, ಒಂದು ಎದೆಗೆ. ಈಗ ವಾರ್ಡಿನಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲ, ಎಲ್ಲರಿಗೂ ಅವಳು ಅವಳಿಯವ್ವ.

ನಿಮ್ಮ ಕಚೇರಿಯವರು ಕಲಿಸಿದ ಹಾಗೆಯೇ ಈ ಹೊಸ ಮದ್ದಿನ ಪರೀಕ್ಷೆಯನ್ನು ಅವಳಿಗೆ ವಿವರಿಸಿದೆ. ಅರ್ಧ ಜನಕ್ಕೆ ಮದ್ದಿನ ಗುಳಿಗೆ, ಅರ್ಧ ಜನಕ್ಕೆ ನೋಡಲು ಹಾಗೆಯೇ ಇರುವ, ಮದ್ದಿಲ್ಲದ ಗುಳಿಗೆ. ಪ್ರತಿಯೊಬ್ಬರಿಗೂ ಒಂದು ಡಬ್ಬಿ, ಡಬ್ಬಿಯ ಮೇಲೆ ಸಂಖ್ಯೆ ಮಾತ್ರ. ಊಟ, ಜ್ವರದ ಔಷಧಿ, ಹುಣ್ಣು ತೊಳೆಯುವುದು, ಬೇಕಾದರೆ ಡ್ರಿಪ್, ಇವೆಲ್ಲ ಎಲ್ಲರಿಗೂ ಒಂದೇ.

"ಮದ್ದು ಇವನ ಡಬ್ಬೀಲಿದ್ಯೋ, ಇವಳ ಡಬ್ಬೀಲಿದ್ಯೋ?" ಅಂದಳು.

"ನಂಗೆ ಗೊತ್ತಿಲ್ಲಮ್ಮ. ಇಬ್ಬರಿಗೂ ಇರಬಹುದು, ಇಬ್ಬರಿಗೂ ಇಲ್ದೇನೂ ಇರಬಹುದು."

"ಡಾಕ್ಟ್ರಿಗೆ?"

"ಅವರಿಗೂ ಗೊತ್ತಿಲ್ಲ."

"ಮತ್ಯಾರಿಗೆ ಗೊತ್ತು?"

"ದೂರದಲ್ಲಿರೋ ಒಂದು ಯಂತ್ರಕ್ಕೆ."

"ಆ ಯಂತ್ರಕ್ಕೆ ಅವಳಿ ಅಂದ್ರೇನು ಅಂತ ಗೊತ್ತಾ ನರ್ಸಮ್ಮ?"

ಪಕ್ಕದ ಮಂಚದ ಮುದುಕ ಮೈತುಂಬ ಹುಣ್ಣಿದ್ದರೂ ನಕ್ಕುಬಿಟ್ಟ. "ಯಂತ್ರಕ್ಕೆ ಅತ್ತೆ ಇಲ್ವಲ್ಲೇ ಅವಳಿಯವ್ವ, ಅದ್ಯಾರಿಗೆ ಹೆದರ್ಬೇಕು!"

ಅವಳು ಯೋಚಿಸಿ, ಎರಡು ಒಪ್ಪಿಗೆ ಹಾಳೆಗೂ ಹೆಬ್ಬೆಟ್ಟು ಒತ್ತಿದಳು. ಅವಳಿಗಳ ವಿಷಯ ನಿನಗೆ ನಾನು ಹೇಳಬೇಕಾಗಿಲ್ಲ. ನಿನ್ನ ಅವಳಿ ತಮ್ಮಂದಿರಿಗೆ ದೊಡ್ಡಮ್ಮ ಅಂಗಿ ಹೊಲಿಸಿದರೆ ಒಂದೇ ಬಟ್ಟೆಯಲ್ಲಿ, ಒಬ್ಬನಿಗೆ ಏಟು ಕೊಟ್ಟರೆ ಇನ್ನೊಬ್ಬನನ್ನೂ ಕರೆದು ಒಂದು ಏಟು. ಕಡಿಮೆ ಸಿಕ್ಕಿದ ಮಗು ಮುನಿಸಿಕೊಂಡು ಈ ಲೋಕ ಬಿಟ್ಟೇ ಹೋಗುತ್ತದೆ ಎನ್ನುತ್ತಿದ್ದಳು.

ಮಕ್ಕಳು ಗುಳಿಗೆ ನುಂಗಲಾರರು. ಅದನ್ನು ಬಿಡಿಸಿ ಪುಡಿಯನ್ನು ಅರೆದ ಕಡಲೆಕಾಯಿಯಲ್ಲಿ ಕಲಸಿ ತಿನ್ನಿಸುತ್ತೇವೆ. ಜಿಡ್ಡಿಲ್ಲದಿದ್ದರೆ ಮದ್ದು ಮೈಗೆ ಹತ್ತುವುದಿಲ್ಲ. ಇಬ್ಬರೂ ಚೆನ್ನಾಗಿ ತಿನ್ನುತ್ತಿದ್ದಾರೆ.

ನನ್ನ ಪರವಾಗಿ ಮಾತಾಡಿ ಈ ಕೆಲಸ ಕೊಡಿಸಿದವಳು ನೀನು. ನಿನಗೆ ಕೆಟ್ಟ ಹೆಸರು ತರುವುದಿಲ್ಲ.

ನಿನ್ನ ತಂಗಿ,
ಫೆಬ್ರೊನಿ


ಕಿನ್ಶಾಸ
13 ಫೆಬ್ರವರಿ 2024, ಮಂಗಳವಾರ

ಫೆಬ್ರೊನಿ,

ನಿನ್ನ ಹಾಳೆಗಳು ಸೋಮವಾರ ನನ್ನ ಮೇಜಿಗೆ ಬಂದವು. ಈ ಕಚೇರಿಯಲ್ಲಿ ಎಲ್ಲರೂ ಮೆಚ್ಚುವುದು ನಿನ್ನ ಅಕ್ಷರವನ್ನೇ. ನಮ್ಮ ಮುಖ್ಯಸ್ಥರು ನಿನ್ನೆ ನಿನ್ನ ಒಂದು ಪುಟ ಎತ್ತಿ ಹಿಡಿದು, "ನೋಡ್ರಿ, ಕಾಡಲ್ಲಿ ಕೂತು ಹಿಂಗೆ ಬರೀತಾಳೆ, ನೀವು ಫ್ಯಾನ್ ಕೆಳಗೆ ಕೂತು ಕೋಳಿ ಕೆದಕಿದ ಹಂಗೆ ಬರೀತೀರ" ಅಂದರು. ಹುಡುಗರೆಲ್ಲ ನನ್ನತ್ತ ಉರಿಗಣ್ಣು ಬಿಟ್ಟರು. ನನಗೆ ಹೆಮ್ಮೆಯಾಯಿತು.

ಈಗ ಇನ್ನೊಂದು ವಿಷಯ. ಅವಳಿಗಳ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಬೆಳಗ್ಗೆ 7.40, ಇಬ್ಬರಿಗೂ. ಸಂಜೆ 6.15, ಇಬ್ಬರಿಗೂ. ಮಾರನೆಯ ದಿನ 7.35, ಇಬ್ಬರಿಗೂ. ಐದು ದಿನ, ಹತ್ತು ಸಲ, ಒಂದು ನಿಮಿಷವೂ ಹಿಂದುಮುಂದಿಲ್ಲ. ಇಬ್ಬರದೂ "ಪೂರ್ತಿ ತೆಗೆದುಕೊಂಡಿದೆ, ಹಸಿವು ಚೆನ್ನಾಗಿದೆ". ಒಬ್ಬಳೇ ನರ್ಸು ಎರಡು ಮಕ್ಕಳಿಗೆ ಒಂದೇ ನಿಮಿಷದಲ್ಲಿ ತಿನ್ನಿಸಿ ಮುಗಿಸುವುದು ಹೇಗೆ?

ಕಚೇರಿಯ ಪ್ರಶ್ನೆ ನಮೂನೆಯಲ್ಲಿ ಬೇರೆ ಬರುತ್ತದೆ, ಅದಕ್ಕೆ ಅಲ್ಲೇ ಉತ್ತರ ಬರೆ. ಇಲ್ಲಿ ನಾನು ಅಕ್ಕನಾಗಿ ಕೇಳುತ್ತಿದ್ದೇನೆ. ಕೆಲಸ ಹೆಚ್ಚಾಗಿ, ನೋಡದೆ, ದಿನದ ಕೊನೆಗೆ ಒಟ್ಟಿಗೆ ಕೂತು ತುಂಬುತ್ತಿದ್ದೀಯಾ? ಬೇರೆ ಊರುಗಳಲ್ಲಿ ಹಾಗೆ ಮಾಡಿ ಸಿಕ್ಕಿಬಿದ್ದವರಿದ್ದಾರೆ. ನೀನು ಅಂಥವಳಲ್ಲ ಎಂದು ಗೊತ್ತು. ಆದರೂ ಕೇಳಬೇಕಾದ್ದು ನನ್ನ ಕೆಲಸ.

ಮೈ ನೋಡಿಕೋ. ಕೈಗವಸು ಬಿಚ್ಚಿದ ಮೇಲೆ ಮುಖ ಮುಟ್ಟಿಕೊಳ್ಳುವ ನಿನ್ನ ಅಭ್ಯಾಸ ಹೋಯಿತೋ ಇಲ್ಲವೋ?

ಬಿಬಿಯಾನ್


ಲೊಹೆಂಬೊ
22 ಫೆಬ್ರವರಿ 2024, ಗುರುವಾರ

ಅಕ್ಕ,

ನಿನ್ನ ಕಾಗದ ಕಳೆದ ಗುರುವಾರದ ವಿಮಾನದಲ್ಲಿ ಬಂತು. ಕೇಳಿದ್ದಕ್ಕೆ ಉತ್ತರ: ಪ್ರತಿಯೊಂದು ಸಲವೂ ನಾನು ಮಂಚದ ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿದ್ದೇನೆ. ಕಡಲೆಕಾಯಿ ಕೊನೆಯ ತುತ್ತಿನವರೆಗೂ ಖಾಲಿಯಾದದ್ದನ್ನು ನೋಡಿಯೇ ಬರೆದಿದ್ದೇನೆ. ದಿನದ ಕೊನೆಗೆ ಕೂತು ತುಂಬುವ ಅಭ್ಯಾಸ ನನಗಿಲ್ಲ. ಕಚೇರಿಯ ನಮೂನೆಯಲ್ಲೂ ಇದನ್ನೇ ಬರೆದಿದ್ದೇನೆ: ಇಬ್ಬರಿಗೂ ಒಟ್ಟಿಗೆ ಶುರುಮಾಡಿ ಒಟ್ಟಿಗೆ ಮುಗಿಸಿದ್ದರಿಂದ ಒಂದೇ ಸಮಯ.

ಆ ಕಾಗದ ನೀನು ಬರೆದದ್ದು ಹದಿಮೂರನೇ ತಾರೀಕು. ಅವತ್ತು ಮಧ್ಯಾಹ್ನ ಎರಡು ಗಂಟೆಗೆ ಶಾಕೋ ತೀರಿಕೊಂಡ. ಗುಳಿಗೆಯ ಹನ್ನೊಂದನೆಯ ದಿನ. ಬಾಯೊಳಗೆಲ್ಲ ಹುಣ್ಣಾಗಿತ್ತು. ಸೋಮವಾರ ಸಂಜೆ ಕಣ್ಣು ಗುಳಿಬಿದ್ದದ್ದನ್ನು ನೋಡಿ ಡಾಕ್ಟರು ಡ್ರಿಪ್ ಹಾಕಿದರು. ನರ ಸಿಕ್ಕಲು ಬಹಳ ಹೊತ್ತು ಹಿಡಿಯಿತು. ಸಾವಿನ ವರದಿ ನಾನೇ ಬರೆದೆ. ಆರು ಪುಟ. ನೀನು ನೋಡಿರುತ್ತೀಯ.

ಓಂಬಾ ಚೇತರಿಸಿಕೊಳ್ಳುತ್ತಿದ್ದಾಳೆ. ಅವಳ ಹುಣ್ಣೆಲ್ಲ ಒಣಗಿ ಹಕ್ಕಳೆ ಉದುರುತ್ತಿದೆ. ಅಣ್ಣ ಎಲ್ಲಿ ಎಂದು ಕೇಳಿದರೆ ತಾಯಿ, "ಸೌದೆ ತರಕ್ಕೆ ಹೋಗವ್ನೆ" ಅನ್ನುತ್ತಾಳೆ. ಅವಳ ಮುಂದೆ ನಾವೆಲ್ಲರೂ ಹಾಗೇ ಹೇಳುತ್ತಿದ್ದೇವೆ. ಡಾಕ್ಟರೂ ಸಹ.

ಮುಖ ಮುಟ್ಟಿಕೊಳ್ಳುವುದನ್ನು ಬಿಟ್ಟಿದ್ದೇನೆ.

ಫೆಬ್ರೊನಿ


ಕಿನ್ಶಾಸ
28 ಫೆಬ್ರವರಿ 2024, ಬುಧವಾರ

ಫೆಬಿ,

ನಾನು ಹಾಗೆ ಬರೆದದ್ದು ಅದೇ ದಿನವಾಗಬೇಕಿತ್ತೆ! ನನಗೆ ಗೊತ್ತಿರಲಿಲ್ಲ. ಸಾವಿನ ವರದಿಗಳು ನಮ್ಮ ಮೇಜಿಗೆ ಬರುವುದಿಲ್ಲ, ಬೇರೆ ಸಮಿತಿಗೆ ಹೋಗುತ್ತವೆ. ಆ ಡಬ್ಬಿಯಲ್ಲಿ ಏನಿತ್ತು ಎಂಬುದು ಬೇಕಾದರೆ ಅವರಿಗೆ ತಿಳಿಯುತ್ತದೆ, ನಮಗಲ್ಲ.

ಹತ್ತಾರು ಮಕ್ಕಳನ್ನು ನೋಡಿಕೊಳ್ಳುವವಳಿಗೆ ಒಂದೊಂದು ಮಗುವಿಗೂ ಅಳುತ್ತ ಕೂರಲಾಗುವುದಿಲ್ಲ. ಇದು ಕಟುವಾಗಿ ಕೇಳಿಸಬಹುದು. ಆದರೆ ನಿನ್ನ ಕಾಗದದಲ್ಲಿ ಅಳು ಎಲ್ಲೂ ಇಲ್ಲ, ನನಗೆ ಅದೇ ಚಿಂತೆ. ನೀನು ಚಿಕ್ಕವಳಿದ್ದಾಗಿನಿಂದಲೂ ಹಾಗೆ, ಮಾತು ಕಡಿಮೆಯಾಯಿತು ಎಂದರೆ ಒಳಗೆ ಏನೋ ಇದೆ ಎಂದರ್ಥ. ನನ್ನ ಮೇಲಿನ ಸಿಟ್ಟು ಎಂದುಕೊಂಡಿದ್ದೇನೆ. ಸಿಟ್ಟು ಮಾಡಿಕೋ, ಪರವಾಗಿಲ್ಲ.

ಸಮಯದ ಪ್ರಶ್ನೆಯನ್ನು ಮುಚ್ಚಿದ್ದೇನೆ. "ವಿವರಣೆ ಸಮರ್ಪಕವಾಗಿದೆ" ಎಂದು ಬರೆದು ಸಹಿ ಹಾಕಿದೆ. ಅದನ್ನು ಇನ್ನು ಯಾರೂ ತೆರೆಯುವುದಿಲ್ಲ.

ಬಿಬಿಯಾನ್


ಲೊಹೆಂಬೊ
11 ಏಪ್ರಿಲ್ 2024, ಗುರುವಾರ

ಅಕ್ಕ,

ಏಳು ವಾರ ಬರೆಯಲಿಲ್ಲ. ನಿನ್ನ ಮೇಲೆ ಸಿಟ್ಟಿರಲಿಲ್ಲ.

ಕಳೆದ ವಾರ ಅವಳಿಯವ್ವ ಓಂಬಾಳನ್ನು ಕೊನೆಯ ತಪಾಸಣೆಗೆ ಕರೆತಂದಳು. ಮಗುವಿನ ಮೈಮೇಲೆ ಕಲೆಗಳು ಮಾತ್ರ ಉಳಿದಿವೆ. ತೂಕ ನೋಡಿದೆ, ರಕ್ತ ತೆಗೆದೆ, ಸೋಪು ಬಟ್ಟೆ ಕೊಟ್ಟೆ. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಕೇಳಿದಳು:

"ನರ್ಸಮ್ಮ, ಈಗಾದ್ರೂ ಹೇಳಿ. ಮದ್ದು ಯಾರ ಡಬ್ಬೀಲಿತ್ತು?"

"ಇನ್ನೂ ಯಾರಿಗೂ ಗೊತ್ತಿಲ್ಲ, ಅಸೆಕಾ."

"ನಮ್ಮತ್ತೆಗೆ ಗೊತ್ತಂತೆ. ಅವನ ಡಬ್ಬೀಲೇ ಇತ್ತಂತೆ. ನಾನು ಅದನ್ನ ಇವಳಿಗೂ ಹಂಚಿ ಅವನನ್ನ ಕೊಂದೆ ಅಂತ ಊರೆಲ್ಲ ಹೇಳ್ಕೊಂಡು ಬರ್ತಾ ಇದಾಳೆ. 'ಅವಳಿಗಳನ್ನ ಸಮ ನೋಡು ಅಂದ್ರೆ ಸಾವು ಹಂಚು ಅಂದ್ನೇನೇ' ಅಂತಾಳೆ. ನನ್ ಗಂಡ ಏನೂ ಅನ್ನಲ್ಲ. ನಾನು ಬಡಿಸಿದ್ದನ್ನ ಉಣ್ಣಲ್ಲ, ಅಷ್ಟೆ."

ಮಗು ನನ್ನ ಕೈಗವಸಿನ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ನಡೆಯುತ್ತಿತ್ತು. ಅದನ್ನೇ ನೋಡುತ್ತ ನಿಂತೆ.

ನಡೆದದ್ದು ಇದು. ಮೊದಲನೆಯ ದಿನ ಬೆಳಗ್ಗೆ ನಾನು ಎರಡು ಬಟ್ಟಲು ಕೊಟ್ಟು, ಒಂದರಲ್ಲಿ ಶಾಕೋನ ಪುಡಿ, ಇನ್ನೊಂದರಲ್ಲಿ ಓಂಬಾಳ ಪುಡಿ ಹಾಕಿ ಕಲಸು ಎಂದೆ. ಅವಳು ನನ್ನ ಮುಖ ನೋಡುತ್ತಲೇ ಒಂದನ್ನು ಇನ್ನೊಂದಕ್ಕೆ ಸುರಿದು ಬೆರೆಸಿಬಿಟ್ಟಳು.

"ಏನ್ ಮಾಡ್ತಿದೀಯ?" ಎಂದೆ.

"ನೀವೇ ಅಲ್ವಾ ಹೇಳಿದ್ದು, ಯಾರಿಗೆ ಇದೆ ಯಾರಿಗೆ ಇಲ್ಲ ಅಂತ ಗೊತ್ತಿಲ್ಲ ಅಂತ? ಹಿಂಗೆ ಮಾಡಿದ್ರೆ ಇದ್ದದ್ದು ಇಬ್ಬರಿಗೂ ಸಿಗುತ್ತೆ. ಒಂದಕ್ಕೆ ಕೊಟ್ಟು ಒಂದಕ್ಕೆ ಇಲ್ಲ ಅಂದ್ರೆ ಇಲ್ಲದ್ದು ಉಳಿಯುತ್ತಾ?"

ಅಷ್ಟು ಸರಿಯಾಗಿ ಅರ್ಥಮಾಡಿಕೊಂಡವರು ಆ ವಾರ್ಡಿನಲ್ಲಿ ಇನ್ನೊಬ್ಬರಿರಲಿಲ್ಲ. ನಾನು ಅಷ್ಟು ಚೆನ್ನಾಗಿ ವಿವರಿಸಿದ್ದೆ.

ತಡೆಯಬೇಕಿತ್ತು. ಬೆರೆಸಿದ್ದನ್ನು ಚೆಲ್ಲಿಸಿ ಡಾಕ್ಟರನ್ನು ಕರೆಯಬೇಕಿತ್ತು. ಹಾಗೆ ಮಾಡಿದ್ದರೆ ಅವಳು ಮಕ್ಕಳನ್ನು ಎತ್ತಿಕೊಂಡು ಮತ್ತೆ ಎರಡು ದಿನದ ಹಾದಿ ಹಿಡಿಯುತ್ತಿದ್ದಳು. ಅವಳ ಮುಖದಲ್ಲಿ ಅದು ಕಾಣುತ್ತಿತ್ತು. ಇಲ್ಲಿದ್ದರೆ ಊಟವಾದರೂ ಇದೆ, ಡ್ರಿಪ್ ಇದೆ ಎಂದುಕೊಂಡೆ. ಇದು ನಿಜ. ಪೂರ್ತಿ ನಿಜ ಅಲ್ಲ. ಆ ಇಬ್ಬರೂ ನನ್ನ ವಾರ್ಡಿನ ಹೊಸ ದಾಖಲಾತಿಗಳು. ಸೇರಿದ ದಿನವೇ ಕಳೆದುಕೊಂಡೆ ಎಂದು ಬರೆಯಲು ನನಗೆ ಮನಸ್ಸಿರಲಿಲ್ಲ.

ಎರಡೂ ಹಾಳೆಗಳಲ್ಲಿ "ಪೂರ್ತಿ" ಎಂದು ಬರೆದೆ. ಆಮೇಲೆ ಪ್ರತಿದಿನ ಎರಡು ಸಲ ಬರೆದೆ. ಶಾಕೋನ ಡಬ್ಬಿಯಲ್ಲಿ ಮದ್ದಿದ್ದರೆ, ಅದರ ಅರ್ಧವನ್ನು ಅವನಿಂದ ಕಿತ್ತುಕೊಂಡದ್ದು ತಾಯಿಯಲ್ಲ, ನಾನು. ಏನು ಮಾಡಲಿ, ಹೇಳು.

ಫೆಬ್ರೊನಿ


ಕಿನ್ಶಾಸ
17 ಏಪ್ರಿಲ್ 2024, ಬುಧವಾರ

ಫೆಬ್ರೊನಿ,

ಕಾಗದ ಬಂತು. ಈ ವಿಷಯವನ್ನು ಮತ್ತೆ ಬರೆಯಬೇಡ. ನಾನೂ ಬರೆಯುವುದಿಲ್ಲ. ನಿನ್ನ ಕೆಲಸ ಮಾಡಿಕೊಂಡಿರು.

ಬಿ.


ಕಿನ್ಶಾಸ
21 ಆಗಸ್ಟ್ 2024, ಬುಧವಾರ

ಫೆಬಿ, ನನ್ನ ತಂಗಿ,

ನಾಲ್ಕು ತಿಂಗಳು ನೀನು ಬರೆಯಲಿಲ್ಲ. ಬರೆಯಬೇಡ ಎಂದವಳು ನಾನೇ, ಹಾಗಾಗಿ ದೂರುವಂತಿಲ್ಲ.

ಫಲಿತಾಂಶ ಬಂದಿದೆ. ರೇಡಿಯೊದಲ್ಲಿ ಕೇಳಿರಬಹುದು, ಆದರೂ ನನ್ನ ಕೈಯಿಂದ ಓದು. ಮದ್ದಿನಿಂದ ತೊಂದರೆ ಇಲ್ಲ, ಉಪಯೋಗವೂ ಕಾಣಲಿಲ್ಲ. ಹುಣ್ಣು ವಾಸಿಯಾಗಲು ಹಿಡಿದ ದಿನಗಳು ಮದ್ದು ಸಿಕ್ಕವರಲ್ಲೂ ಸಿಗದವರಲ್ಲೂ ಒಂದೇ. ಸತ್ತವರು ಮಾತ್ರ ನಾವೆಲ್ಲ ಹೆದರಿದ್ದಕ್ಕಿಂತ ಕಡಿಮೆ, ಎರಡೂ ಗುಂಪಿನಲ್ಲಿ. ಆಸ್ಪತ್ರೆಯಲ್ಲಿಟ್ಟುಕೊಂಡು ಊಟ, ನೀರು ಕೊಟ್ಟು, ದಿನಾ ಕಣ್ಣಿಟ್ಟು ನೋಡಿಕೊಂಡದ್ದೇ ಜನರನ್ನು ಉಳಿಸಿತು ಎನ್ನುತ್ತಿದ್ದಾರೆ. ಓದಿದ ಮೇಲೆ ನಮ್ಮ ಮುಖ್ಯಸ್ಥರು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಮದ್ದು ಗೆಲ್ಲಲಿ ಎಂದು ಎರಡು ವರ್ಷ ದುಡಿದವರು ಅವರು.

ನಾನು ಮಾತ್ರ ಶೌಚಾಲಯದ ಬಾಗಿಲು ಹಾಕಿಕೊಂಡು ಸಂತೋಷಕ್ಕೆ ಅತ್ತೆ. ಅರ್ಥವಾಯಿತೆ? ನೀನು ಆ ಹುಡುಗನಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ. ಕಿತ್ತುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಯಾವ ಡಬ್ಬಿಯಲ್ಲಿ ಏನಿತ್ತೆಂದು ಈಗ ಕೇಳಿದರೆ ತಿಳಿಯಬಹುದು. ನಾನು ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ.

ಏಪ್ರಿಲ್‌ನಲ್ಲಿ ನಾನು ಬರೆದ ನಾಲ್ಕು ಸಾಲನ್ನು ನೀನು ಸಿಟ್ಟೆಂದು ತಿಳಿದಿರುತ್ತೀಯ. ಅದು ಹೆದರಿಕೆ. ನೀನು ಹೇಳುವುದಕ್ಕಿಂತ ಮೊದಲೇ ನನಗೆ ಗೊತ್ತಿತ್ತು, ಫೆಬಿ. ಫೆಬ್ರವರಿಯಲ್ಲಿ ಆ ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗ ಮೊದಲು ಹೊಳೆದದ್ದು ನಮ್ಮಮ್ಮ ತಮ್ಮಂದಿರ ಮುಂದೆ ಒಂದೇ ತಟ್ಟೆ ಇಟ್ಟು ಕೂತಿರುತ್ತಿದ್ದದ್ದು. ಅದನ್ನು ಬಿಟ್ಟು ನಿನಗೆ ಬೇರೆ ಪ್ರಶ್ನೆ ಕೇಳಿದೆ, ನೀನು ಸುಲಭವಾಗಿ ಅಲ್ಲಗಳೆಯಬಹುದಾದ ಪ್ರಶ್ನೆ. ನೀನು ಅಲ್ಲಗಳೆದೆ. ನಾನು ಮುಚ್ಚಿದೆ. ನಿನ್ನ ಪರವಾಗಿ ಮಾತಾಡಿದ್ದವಳು ನಾನಲ್ಲವೆ?

ಸುಮಾರು ಆರುನೂರು ಜನರಲ್ಲಿ ಎರಡು ಹಾಳೆ. ತೆಗೆದರೂ ಇಟ್ಟರೂ ಉತ್ತರ ಅದೇ. ಮುಂದಿನ ಪರೀಕ್ಷೆಗೆ ತಂಡ ಕಟ್ಟುತ್ತಿದ್ದಾರೆ. ಇಲ್ಲಿ ನನ್ನ ಹೆಸರು, ಲೊಹೆಂಬೊದಲ್ಲಿ ನಿನ್ನ ಹೆಸರು ಹೋಗಿದೆ. ಇದನ್ನು ಇಲ್ಲಿಗೆ ಬಿಡೋಣ.

ನಿನ್ನ ಅಕ್ಕ,
ಬಿಬಿಯಾನ್


ಲೊಹೆಂಬೊ
29 ಆಗಸ್ಟ್ 2024, ಗುರುವಾರ

ಅಕ್ಕ,

ನಿನ್ನ ಕಾಗದ ಓದಿದ ದಿನ ನಾನೂ ಸಂತೋಷಪಟ್ಟೆ. ಹನ್ನೊಂದು ತಾಸು ಕೆಲಸ ಮಾಡಿದರೂ ಕಾಲು ನೋಯಲಿಲ್ಲ. ಮನೆಗೆ ಹೋಗಿ ಅನ್ನ, ಮರಗೆಣಸಿನ ಸೊಪ್ಪು ಮಾಡಿಕೊಂಡು ಎರಡು ಸಲ ಬಡಿಸಿಕೊಂಡೆ. ಮದ್ದಿನಲ್ಲಿ ಏನೂ ಇರಲಿಲ್ಲ, ನಾನು ಏನನ್ನೂ ಕದಿಯಲಿಲ್ಲ. ಅದೊಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಮಾರನೆಯ ದಿನ ನಿನ್ನ ಕಾಗದವನ್ನು ಮತ್ತೆ ಓದಿದೆ. ಊಟ, ನೀರು, ಕಣ್ಣಿಟ್ಟು ನೋಡಿಕೊಂಡದ್ದು. ಅವುಗಳೇ ಉಳಿಸಿದವು ಎಂದು ಬರೆದಿದ್ದೀಯ.

ಏಪ್ರಿಲ್‌ನಲ್ಲಿ ನಿನಗೆ ಹೇಳದೆ ಬಿಟ್ಟದ್ದೊಂದಿದೆ. ಆಗ ಅದು ಸಣ್ಣದು ಎಂದುಕೊಂಡಿದ್ದೆ. ಅಸೆಕಾ ಒಂದೇ ಬಟ್ಟಲಿನಿಂದ ಸರದಿಯ ಮೇಲೆ ತಿನ್ನಿಸುತ್ತಿದ್ದಳು, ಒಂದು ತುತ್ತು ಅವನಿಗೆ, ಒಂದು ಇವಳಿಗೆ. ಏಳನೆಯ ದಿನ, ಶುಕ್ರವಾರ, ಶಾಕೋ ಬಾಯಿ ತೆರೆಯಲಿಲ್ಲ. ನಾಲಗೆಯ ಮೇಲೆ ಹುಣ್ಣು. ಅವಳು ಅವನ ತುತ್ತನ್ನೂ ಓಂಬಾಳಿಗೆ ಕೊಟ್ಟಳು, ಬಟ್ಟಲಲ್ಲಿ ಉಳಿಸಬಾರದು ಎಂದು ನಾನೇ ಹೇಳಿದ್ದೆನಲ್ಲ. ಬಟ್ಟಲು ಖಾಲಿಯಾಯಿತು. ನಾನು ಪೆನ್ನು ಹಿಡಿದು ನಿಂತಿದ್ದೆ. ಶಾಕೋನ ಹಾಳೆಯಲ್ಲಿ "ಸ್ವಲ್ಪ ಮಾತ್ರ ತಿಂದ" ಎಂದು ಬರೆದರೆ ಡಾಕ್ಟರು ಅವನ ಮಂಚಕ್ಕೆ ಮೊದಲು ಬರುತ್ತಾರೆ, ಉಳಿದ ಪುಡಿ ಎಲ್ಲಿ ಎಂದು ಕೇಳುತ್ತಾರೆ, ಇರುವುದು ಒಂದೇ ಬಟ್ಟಲು ಎಂದು ತಿಳಿಯುತ್ತದೆ. "ಪೂರ್ತಿ, ಹಸಿವು ಚೆನ್ನಾಗಿದೆ" ಎಂದು ಬರೆದೆ. ಶನಿವಾರವೂ ಬರೆದೆ. ಭಾನುವಾರವೂ.

ಆ ಮೂರು ದಿನ ಡಾಕ್ಟರು ಬಾಗಿಲಲ್ಲಿ ನಿಂತು ಅವನ ಹಾಳೆ ಓದಿ ಬೇರೆ ಮಂಚಗಳಿಗೆ ಹೋದರು. ಭಾನುವಾರ ನನ್ನನ್ನೇ ಕೇಳಿದರು, "ಅವಳಿಗಳು ಹೇಗಿದಾವೆ?" "ತಿಂತಿದಾವೆ ಡಾಕ್ಟ್ರೇ" ಅಂದೆ. "ತಿನ್ನೋ ಮಗು ಉಳಿಯುತ್ತೆ ಬಿಡಿ" ಎಂದು ನಕ್ಕು ಮುಂದೆ ಹೋದರು. ಡ್ರಿಪ್ ಹಾಕಿದ್ದು ಸೋಮವಾರ ಸಂಜೆ. ಶುಕ್ರವಾರವೇ ಹಾಕಬಹುದಿತ್ತು. ಡಬ್ಬಿಗಳ ವಿಷಯದಲ್ಲಿ ನೀನು ಹೇಳಿದ್ದು ಸರಿ. ಅವುಗಳಿಂದ ಅವನಿಗೆ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ಕೆಟ್ಟದ್ದಾದದ್ದು ನನ್ನ ಅಕ್ಷರದಿಂದ.

ಶುಕ್ರವಾರವೇ ಡ್ರಿಪ್ ಹಾಕಿದ್ದರೂ ಅವನು ಉಳಿಯುತ್ತಿದ್ದನೋ ಇಲ್ಲವೋ. ಅದನ್ನು ಹೇಳಬಲ್ಲ ಯಂತ್ರ ನಿಮ್ಮಲ್ಲೂ ಇಲ್ಲ.

ಮೊನ್ನೆ ಎಣ್ಣೆ ಮಾರಲು ಬಂದ ಅಸೆಕಾಳ ಊರಿನವನನ್ನು ವಿಚಾರಿಸಿದೆ. ಅವಳು ಗಂಡನ ಮನೆಯಲ್ಲಿಲ್ಲವಂತೆ. ಓಂಬಾಳನ್ನು ಅತ್ತೆ ಇಟ್ಟುಕೊಂಡು ಅವಳನ್ನು ಮಾತ್ರ ತವರಿಗೆ ಕಳಿಸಿದ್ದಾಳಂತೆ. "ಒಂದನ್ನ ತಿಂದ್ಲು, ಇನ್ನೊಂದನ್ನೂ ಅವಳ ಕೈಗೆ ಕೊಡಕ್ಕಾಗುತ್ತಾ?" ಎಂದ ಅವನು, ಎಲ್ಲರಿಗೂ ಗೊತ್ತಿರುವ ಮಾತಿನಂತೆ. ಮದ್ದು ಕೆಲಸ ಮಾಡಲಿಲ್ಲ ಎಂಬ ಸುದ್ದಿ ಅಲ್ಲಿಗೆ ಮುಟ್ಟಿಲ್ಲ. ಮುಟ್ಟಿದರೂ ಅದೊಂದೇ ಸಾಲದು. ಏನು ನಡೆಯಿತೆಂದು ಬಲ್ಲವರೊಬ್ಬರು ಅವಳ ಅತ್ತೆಯ ಅಂಗಳದಲ್ಲಿ ನಿಂತು ಹೇಳಬೇಕು. ಬಲ್ಲವಳು ನಾನೊಬ್ಬಳೇ.

ಸೋಮವಾರ ಬೆಳಗ್ಗೆ ಎಂಟಕ್ಕೆ ಡಾಕ್ಟರು ವಾರ್ಡಿಗೆ ಬರುತ್ತಾರೆ. ಅವರಿಗೆ ಎಲ್ಲವನ್ನೂ ಹೇಳುತ್ತೇನೆ. ಬರೆದು ಸಹಿ ಹಾಕಿ ಎಂದರೆ ಹಾಕುತ್ತೇನೆ. ಕೆಲಸದಲ್ಲಿ ಉಳಿಸಿದರೂ ಕಳಿಸಿದರೂ ಬುಧವಾರ ಅವಳ ಗಂಡನ ಊರಿನ ದಾರಿ ಹಿಡಿಯುತ್ತೇನೆ. ನಿನ್ನ ಹೆಸರನ್ನು ನಾನಾಗಿ ಎತ್ತುವುದಿಲ್ಲ. ಆದರೆ ಹಾಳೆಗಳಲ್ಲಿನ ಸಮಯದ ಬಗ್ಗೆ ಕಚೇರಿಯವರು ಯಾರೂ ಕೇಳಲಿಲ್ಲವೇ ಎಂದು ಡಾಕ್ಟರು ಕೇಳಿಯೇ ಕೇಳುತ್ತಾರೆ. ಇಲ್ಲ ಎಂದು ಹೇಳಲು ನನ್ನಿಂದ ಆಗುವುದಿಲ್ಲ, ಅಕ್ಕ.

ಈ ಕಾಗದ ಇವತ್ತಿನ ವಿಮಾನಕ್ಕೆ ಕೊಡುತ್ತಿದ್ದೇನೆ. ಶನಿವಾರ ನಿನ್ನ ಕೈ ಸೇರುತ್ತದೆ. ನೀನಾಗಿಯೇ ಮೊದಲು ಹೋಗಿ ನಿಮ್ಮ ಮುಖ್ಯಸ್ಥರಿಗೆ ಹೇಳುವುದಾದರೆ ಒಂದು ಭಾನುವಾರ ನಿನ್ನದು.

ಫೆಬ್ರೊನಿ